ಬೆಳಕಿಲ್ಲದ ನೀರಿನಲ್ಲಿ ಜೀವದ ಆಸರೆ: ಕೆರೆಯ ಹೂಳು, ಪಾತಾಳದ ಕಲ್ಪನೆ ಮತ್ತು ಹಿಮಚಂದ್ರರ ಒಳಗಡಲು

1. ಪೀಠಿಕೆ

ಸಕಲ ಜೀವಕ್ಕೂ ಸೂರ್ಯನೇ ಮೂಲವೆಂಬ ತಿಳಿವಳಿಕೆ ಶಾಲೆಯ ಪಾಠದಿಂದ ಹಿಡಿದು ಸುಗ್ಗಿಯ ಆಚರಣೆಗಳವರೆಗೆ ನಮ್ಮ ಬದುಕಿನಲ್ಲಿ ಬೇರೂರಿದೆ. ಹಸುರು ಗಿಡ ಬಿಸಿಲನ್ನು ಹಿಡಿದಿಡುತ್ತದೆ; ದನ ಗಿಡವನ್ನು ಮೇಯುತ್ತದೆ; ಮನುಷ್ಯ ಇವೆರಡನ್ನೂ ಆಶ್ರಯಿಸುತ್ತಾನೆ. ಈ ಸರಪಳಿಯ ಹೊರಗೂ ಜೀವ ನೆಲೆಸಬಲ್ಲದು ಎಂಬುದನ್ನು ಕಳೆದ ಅರ್ಧ ಶತಮಾನದ ಸಂಶೋಧನೆಗಳು ತೋರಿಸಿಕೊಟ್ಟಿವೆ. ಇದೇ ಅವಧಿಯಲ್ಲಿ ಗುರು ಮತ್ತು ಶನಿ ಗ್ರಹಗಳ ಕೆಲವು ಉಪಗ್ರಹಗಳ ಹಿಮದ ಚಿಪ್ಪಿನ ಕೆಳಗೆ ದ್ರವರೂಪದ ನೀರಿನ ಕಡಲುಗಳಿವೆ ಎಂಬುದಕ್ಕೆ ಬಲವಾದ ಆಧಾರಗಳು ದೊರೆತಿವೆ. ಬಿಸಿಲು ಎಂದೂ ತಲುಪದ ಆ ನೀರಿನಲ್ಲಿ ಜೀವವಿದ್ದುದೇ ಆದರೆ ಅದು ಏನನ್ನು ಉಂಡು ಬದುಕೀತು ಎಂಬ ಪ್ರಶ್ನೆಯೇ ಪ್ರಸ್ತುತ ಲೇಖನದ ವಸ್ತು.

ಜಾನಪದ ಅಧ್ಯಯನದ ಕ್ಷೇತ್ರದಿಂದ ಈ ಪ್ರಶ್ನೆಯನ್ನು ಎತ್ತಿಕೊಳ್ಳುವುದಕ್ಕೆ ಕಾರಣಗಳಿವೆ. ಬೆಂಗಳೂರಿನ ಹೊರವಲಯವು ಇಂದು ಕಾರ್ಖಾನೆ ಮತ್ತು ಮಾಹಿತಿ ತಂತ್ರಜ್ಞಾನದ ನೆಲೆಯೆಂದು ಹೆಸರಾಗಿದ್ದರೂ ಮೂಲತಃ ಅದು ಕೆರೆಗಳ ಸೀಮೆ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ರೂಪಿಸಿದ ಎಲೆಕ್ಟ್ರಾನಿಕ್ ಸಿಟಿಯಾಗಲಿ, ವರ್ತೂರು ಕೆರೆಯ ಆಸುಪಾಸಿನ ವೈಟ್‌ಫೀಲ್ಡ್ ಆಗಲಿ ಕೆರೆ, ಏರಿ, ತೂಬು, ಕೋಡಿಗಳ ವ್ಯವಸ್ಥೆಯ ಮೇಲೆ ಬೆಳೆದ ಊರುಗಳು. ಇದೇ ವಲಯದ ಪೀಣ್ಯದಲ್ಲಿ ಇಸ್ರೋದ ಇಸ್ಟ್ರ್ಯಾಕ್ ಕೇಂದ್ರವಿದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲಿಳಿದುದನ್ನು ಅಲ್ಲಿಂದಲೇ ನಿರ್ವಹಿಸಲಾಯಿತು. ವೈಟ್‌ಫೀಲ್ಡಿನಿಂದಾಚೆ, ಹೊಸಕೋಟೆಯ ಬಳಿ, ಭಾರತೀಯ ಖಭೌತ ಸಂಸ್ಥೆಯ ಕೇಂದ್ರವಿದ್ದು, ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಅಲ್ಲಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸಲಾಗುತ್ತದೆ. ಆಕಾಶವನ್ನು ಓದುವ ಕೇಂದ್ರಗಳೂ ಕಪ್ಪು ಹೂಳಿನ ಕೆರೆಗಳೂ ಒಂದೇ ಸೀಮೆಯಲ್ಲಿ ನೆರೆಹೊರೆಯಾಗಿವೆ. ಹಿಮಚಂದ್ರರ ಒಳಗಡಲಿನ ಪ್ರಶ್ನೆಗೆ ಈ ಹೂಳು ಎಷ್ಟರಮಟ್ಟಿಗೆ ಪೀಠಿಕೆಯಾಗಬಲ್ಲದು, ಯಾವ ಹಂತದಲ್ಲಿ ಅದರ ಸಾಕ್ಷ್ಯ ನಿಂತುಹೋಗುತ್ತದೆ ಎಂಬುದನ್ನು ವಿವರಿಸುವುದು ಇಲ್ಲಿನ ಉದ್ದೇಶ.

2. ಕೆಳಲೋಕದ ಪ್ರಶ್ನೆ

ಭೂಮಿಯ ಕೆಳಗೆ ಲೋಕಗಳಿವೆ ಎಂಬ ಕಲ್ಪನೆ ನಮ್ಮ ಶಿಷ್ಟ ಮತ್ತು ಜನಪದ ಪರಂಪರೆಗಳೆರಡರಲ್ಲೂ ಇದೆ. ಪುರಾಣಗಳು ಅತಲ, ವಿತಲ, ಸುತಲ, ತಲಾತಲ, ಮಹಾತಲ, ರಸಾತಲ, ಪಾತಾಳ ಎಂದು ಏಳು ಅಂತಸ್ತುಗಳನ್ನು ಹೇಳುತ್ತವೆ. ಜನಪದರ ಪಾಲಿಗೆ ಈ ಲೋಕ ಅಷ್ಟು ದೂರದ್ದಲ್ಲ. ಹುತ್ತದ ಬಾಯಿ, ಹಾಳುಬಾವಿ, ಕೆರೆಯ ಮಡು ಇವೆಲ್ಲ ಕೆಳಲೋಕದ ಬಾಗಿಲುಗಳು. ನಾಗರಪಂಚಮಿಯಂದು ಹುತ್ತಕ್ಕೆ ಹಾಲೆರೆಯುವ ಆಚರಣೆಯಲ್ಲಿ ಒಂದು ತಿಳಿವು ಅಡಗಿದೆ: ಕೆಳಗೆ ಇರುವವರಿಗೂ ಉಣಿಸು ಬೇಕು; ಅದು ಮೇಲಿನಿಂದ ಇಳಿಯಬೇಕು.

ಇನ್ನೊಂದು ಅಂಶವೂ ಗಮನಾರ್ಹವಾದುದು. ಪಾತಾಳದಲ್ಲಿ ಸೂರ್ಯನಿಲ್ಲ ಎಂಬುದನ್ನು ಕಥನಕಾರರು ಮರೆತಿಲ್ಲ. ಸೂರ್ಯನಿಲ್ಲದ ಕೊರತೆಯನ್ನು ತುಂಬಲು ಅವರು ನಾಗಗಳ ಹೆಡೆಯ ಮಣಿಯನ್ನು ಕಲ್ಪಿಸಿಕೊಂಡರು. ನಾಗಲೋಕವನ್ನು ಬೆಳಗುವುದು ಆ ಮಣಿಗಳೇ. ಅಂದರೆ ಬೆಳಕಿಲ್ಲದೆಡೆ ಬದುಕನ್ನು ಊಹಿಸಿದವರು ಆ ಬದುಕಿಗೆ ತನ್ನದೇ ಆದ ಒಂದು ಆಸರೆಯನ್ನೂ ಒದಗಿಸಬೇಕಾಯಿತು. ಒಂದು ಆಸರೆ ಮೇಲಿನಿಂದ ಇಳಿಯುವ ಹಾಲು. ಮತ್ತೊಂದು ಕೆಳಗೇ ಹುಟ್ಟುವ ಮಣಿ. ಮುಂದೆ ಕಾಣುವಂತೆ ಹಿಮಚಂದ್ರರ ಬಗ್ಗೆ ವಿಜ್ಞಾನಿಗಳು ನಡೆಸುತ್ತಿರುವ ಚರ್ಚೆಯೂ ಇವೆರಡು ಬಗೆಗಳ ನಡುವೆಯೇ ಸಾಗಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಇಂತಹ ಹೋಲಿಕೆಗಳನ್ನು ಮುಂದಿಟ್ಟುಕೊಂಡು ನಮ್ಮ ಪೂರ್ವಿಕರು ಇದನ್ನೆಲ್ಲ ಮೊದಲೇ ಬಲ್ಲವರಾಗಿದ್ದರು ಎಂದು ಸಾರುವುದು ಜಾನಪದಕ್ಕೂ ವಿಜ್ಞಾನಕ್ಕೂ ಮಾಡುವ ಅನ್ಯಾಯ. ನಾಗಮಣಿಯ ಕಥೆ ಜಲಜನಕದ ಸಿದ್ಧಾಂತವಲ್ಲ. ಜನಪದ ಕಲ್ಪನೆ ಇಲ್ಲಿ ಒದಗಿಸುವುದು ಉತ್ತರವನ್ನಲ್ಲ, ಪ್ರಶ್ನೆಯ ಸರಿಯಾದ ಸ್ವರೂಪವನ್ನು. ಕೆಳಗೆ ಯಾರಿದ್ದಾರೆ ಎಂದು ಕೇಳುವ ಮೊದಲು ಕೆಳಗಿನವರಿಗೆ ಏನು ಸಿಗುತ್ತದೆ ಎಂದು ಕೇಳುವುದೇ ಆ ಸ್ವರೂಪ.

3. ತೂಬಿನ ತತ್ತ್ವ

ಜೀವಕ್ಕೆ ಬೇಕಾದ ಶಕ್ತಿ ಎಂದರೇನು ಎಂಬುದನ್ನು ಕೆರೆಯ ವ್ಯವಸ್ಥೆಯ ಮೂಲಕವೇ ವಿವರಿಸಬಹುದು. ಏರಿಯ ಹಿಂದೆ ನೀರು ಎತ್ತರದಲ್ಲಿದೆ. ಮುಂದಿನ ಗದ್ದೆ ತಗ್ಗಿನಲ್ಲಿದೆ. ನೀರಗಂಟಿ ತೂಬು ಎತ್ತಿದಾಗ ನೀರು ಹರಿಯುತ್ತದೆ, ಪೈರು ನೆನೆಯುತ್ತದೆ. ಏರಿಯ ಎರಡೂ ಬದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಂತಿದ್ದರೆ ತೂಬು ಎತ್ತಿ ಫಲವಿಲ್ಲ. ಕೆಲಸ ಮಾಡುವುದು ನೀರಿನ ಪ್ರಮಾಣವಲ್ಲ, ಮಟ್ಟದ ಅಂತರ.

ಜೀವಕೋಶಗಳ ವ್ಯವಹಾರವೂ ಇದೇ. ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುವ ಒಂದು ವಸ್ತು, ಅದನ್ನು ಆತುರದಿಂದ ಸ್ವೀಕರಿಸುವ ಇನ್ನೊಂದು ವಸ್ತು ಇವೆರಡೂ ಒಂದೆಡೆ ಇದ್ದು ತಮ್ಮಷ್ಟಕ್ಕೆ ಬೇಗನೆ ಕೂಡದೆ ಉಳಿದಿದ್ದರೆ ಅಲ್ಲಿ ಮಟ್ಟದ ಅಂತರ ಉಂಟು. ಸೂಕ್ಷ್ಮಜೀವಿಯು ನೀರಗಂಟಿಯಂತೆ ನಡುವೆ ನಿಂತು ಆ ಹರಿವನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಹರಿವಿನ ಒಂದು ಪಾಲನ್ನು ತನ್ನ ಬದುಕಿಗೆ ಉಳಿಸಿಕೊಳ್ಳುತ್ತದೆ. ನಮ್ಮ ದೇಹದಲ್ಲಿ ಕೊಡುವ ವಸ್ತು ಅನ್ನ. ಕೊಳ್ಳುವ ವಸ್ತು ಉಸಿರಿನ ಆಮ್ಲಜನಕ. ಆಮ್ಲಜನಕವಿಲ್ಲದೆಡೆ ನೈಟ್ರೇಟ್, ಕಬ್ಬಿಣದ ತುಕ್ಕು, ಸಲ್ಫೇಟ್, ಕೊನೆಗೆ ಇಂಗಾಲದ ಡೈಆಕ್ಸೈಡ್ ಸಹ ಕೊಳ್ಳುವ ಸ್ಥಾನದಲ್ಲಿ ನಿಲ್ಲಬಲ್ಲವು. ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಮಾಲಿನ್ಯವಿರುವುದು ದಾಖಲಾಗಿರುವ ಸಂಗತಿ. ಅಂತಹ ಕ್ರೋಮಿಯಂನ ವಿಷಕಾರಿ ರೂಪಕ್ಕೂ ಎಲೆಕ್ಟ್ರಾನನ್ನು ಸಾಗಿಸಿ ಅದನ್ನು ಕಡಿಮೆ ಅಪಾಯದ ರೂಪಕ್ಕೆ ಇಳಿಸುವ ಬ್ಯಾಕ್ಟೀರಿಯಗಳಿವೆ. ಕೊಡುವ ಮತ್ತು ಕೊಳ್ಳುವ ಜೋಡಿ ಎಲ್ಲಿದೆ ಎಂದು ಹುಡುಕುವುದೇ ಜೀವದ ನೆಲೆಯನ್ನು ಹುಡುಕುವ ಮೊದಲ ಹೆಜ್ಜೆ.

4. ಕೆರೆಯ ಹೂಳಿನ ಸಾಕ್ಷ್ಯ

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡು ಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಸಾಗಿಸುವುದು ಬೆಂಗಳೂರು, ಕೋಲಾರ, ತುಮಕೂರು ಸೀಮೆಗಳ ಹಳೆಯ ವಾಡಿಕೆ. ಮಣ್ಣು ತೋಡುವವರಿಗೆ ಅದರ ಪದರಗಳು ಕಣ್ಣಿಗೂ ಮೂಗಿಗೂ ಪರಿಚಿತ. ಮೇಲಿನದು ಕಂದು, ಅದರಡಿಯದು ಬೂದು, ಇನ್ನೂ ಕೆಳಗಿನದು ಕಪ್ಪು ಮತ್ತು ಕೊಳೆತ ಮೊಟ್ಟೆಯ ನಾತದ್ದು. ಈ ಬಣ್ಣಗಳು ಶಕ್ತಿಯ ಲೆಕ್ಕಾಚಾರವನ್ನೇ ಬರೆದಿಟ್ಟಂತಿವೆ. ಕಂದು ಪದರದಲ್ಲಿ ಆಮ್ಲಜನಕವಿದೆ, ಕಬ್ಬಿಣ ತುಕ್ಕಿನ ರೂಪದಲ್ಲಿದೆ. ಕೆಳಕ್ಕೆ ಹೋದಂತೆ ಆಮ್ಲಜನಕ ಮುಗಿಯುತ್ತದೆ; ಸೂಕ್ಷ್ಮಜೀವಿಗಳು ತುಕ್ಕನ್ನು, ಆ ಬಳಿಕ ಸಲ್ಫೇಟನ್ನು ಬಳಸುತ್ತವೆ. ಆಗ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ನಾತ ಬೀರುತ್ತದೆ, ಕಬ್ಬಿಣದೊಡನೆ ಕೂಡಿ ಮಣ್ಣನ್ನು ಕಪ್ಪಾಗಿಸುತ್ತದೆ. ಅತ್ಯಂತ ಕೆಳಗೆ ಜಲಜನಕ ಮತ್ತು ಇಂಗಾಲದ ಡೈಆಕ್ಸೈಡುಗಳನ್ನು ಕೂಡಿಸಿ ಮೀಥೇನ್ ಮಾಡುವ ಜೀವಿಗಳಿವೆ. ಗೋಬರ್ ಅನಿಲದ ಗುಂಡಿಯಲ್ಲೂ ಹಸುವಿನ ಮೊದಲ ಹೊಟ್ಟೆಯಲ್ಲೂ ಕೆಲಸ ಮಾಡುವುದು ಇವುಗಳ ಬಳಗವೇ.

ಇಟಲಿಯ ವೋಲ್ಟಾ 1776ರಲ್ಲಿ ಮಾಜ್ಜೋರೆ ಸರೋವರದ ಕೆಸರನ್ನು ಕದಡಿ, ಮೇಲೆದ್ದ ಗುಳ್ಳೆಗಳನ್ನು ಸಂಗ್ರಹಿಸಿ, ಅವು ಹೊತ್ತಿ ಉರಿಯುವುದನ್ನು ತೋರಿಸಿದನು. ನಮ್ಮ ಹಳ್ಳಿಗಳಲ್ಲಿ ಕೆರೆಯಂಗಳ, ಜೌಗುನೆಲಗಳ ಬಳಿ ರಾತ್ರಿ ಕಾಣುವುದೆಂದು ಹೇಳಲಾಗುವ ಕೊಳ್ಳಿದೆವ್ವದ ಕಥೆಗಳನ್ನು ಈ ಜೌಗು ಅನಿಲದೊಡನೆ ಜೋಡಿಸುವ ವಿವರಣೆ ಪ್ರಚಲಿತದಲ್ಲಿದೆ. ಮೀಥೇನ್ ತಾನಾಗಿ ಹೊತ್ತಿಕೊಳ್ಳದ ಕಾರಣ ಕಿಡಿ ಎಲ್ಲಿಂದ ಬರುತ್ತದೆ ಎಂಬುದರಲ್ಲಿ ವಿದ್ವಾಂಸರ ಚರ್ಚೆ ಮುಗಿದಿಲ್ಲ. ಆದರೂ ಕಥೆಗಳು ಆರಿಸಿಕೊಂಡ ಸ್ಥಳ ಅರ್ಥಪೂರ್ಣವಾಗಿದೆ. ನಿಂತ ನೀರು, ಕಪ್ಪು ಕೆಸರು, ಜನ ಸುಳಿಯದ ಅಂಚು.

ವರ್ತಮಾನದಲ್ಲಿ ಈ ಸಂಗತಿಗೆ ಬೇರೆಯೇ ತೆರನ ಸಾಕ್ಷ್ಯ ದೊರೆಯಿತು. ನಗರದ ಕೊಳಚೆ ಸೇರುತ್ತಿದ್ದ ಬೆಳ್ಳಂದೂರು ಕೆರೆಯಲ್ಲಿ 2015ರ ಮೇ, 2017ರ ಫೆಬ್ರವರಿ ಮತ್ತು 2018ರ ಜನವರಿಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಕೋಡಿಯಲ್ಲಿ ಎದ್ದ ನೊರೆ ರಸ್ತೆಗೂ ಬಂದಿತು. ಬೆಂಕಿಗೆ ಕಾರಣವಾಗಿ ಒಣಗಿದ ಕಳೆಗೆ ಹಚ್ಚಿದ ಕಿಚ್ಚು, ನೊರೆಯಲ್ಲಿ ಸೇರಿದ ಎಣ್ಣೆಯಂಶ, ಹೂಳಿನಿಂದೆದ್ದ ಮೀಥೇನ್ ಇವೆಲ್ಲ ಚರ್ಚೆಗೆ ಬಂದವು. ಕಾರಣ ಯಾವುದೇ ಇರಲಿ, ಆಮ್ಲಜನಕ ಬರಿದಾದ ನೀರಿನ ತಳದಲ್ಲಿ ಬೃಹತ್ ಪ್ರಮಾಣದ ಬೆಳಕಿಲ್ಲದ ಬದುಕು ನಡೆದಿತ್ತು ಎಂಬುದರಲ್ಲಿ ಸಂಶಯವಿಲ್ಲ. ನಂತರದ ವರ್ಷಗಳಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ಹೂಳೆತ್ತುವ ಕೆಲಸವನ್ನು ಕೈಗೊಂಡಿತು.

ಆದರೆ ಹೂಳಿನ ಸಾಕ್ಷ್ಯಕ್ಕೆ ಒಂದು ಮಿತಿ ಇದೆ. ಹೂಳಿನ ಜೀವಿಗಳು ಬೆಳಕನ್ನು ಕಾಣದಿದ್ದರೂ ಅವು ಉಣ್ಣುವುದು ಬಿಸಿಲಿನ ಎಂಜಲನ್ನೇ. ಕೊಳೆತ ಎಲೆ, ಸತ್ತ ಪಾಚಿ, ಊರ ಕೊಳಚೆ ಇವೆಲ್ಲ ಒಂದು ಕಾಲಕ್ಕೆ ಬಿಸಿಲಿನಿಂದ ಹುಟ್ಟಿದವು. ಹಿಮಚಂದ್ರರಲ್ಲಿ ಎಲೆಯಿಲ್ಲ, ಪಾಚಿಯಿಲ್ಲ, ಊರಿಲ್ಲ. ಮೀಥೇನ್ ಮಾಡುವ ಜೀವಿಗೆ ಜಲಜನಕ ಬೇಕು. ಸತ್ತ ಸಸ್ಯದ ನೆರವಿಲ್ಲದೆ ಆ ಜಲಜನಕ ಹುಟ್ಟುವುದೆಂತು ಎಂಬಲ್ಲಿಗೆ ಪ್ರಶ್ನೆ ಸಾಗುತ್ತದೆ.

5. ಹಿಮಚಂದ್ರರು: ಕಡಲಿನ ಆಧಾರಗಳು

ಈ ಚಂದ್ರರ ಅಧ್ಯಯನದಲ್ಲಿ ನಮ್ಮ ನೆರೆಯ ಕವಲೂರಿಗೂ ಒಂದು ಸ್ಥಾನವಿದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಭಾರತೀಯ ಖಭೌತ ಸಂಸ್ಥೆಯ ಕವಲೂರು ವೀಕ್ಷಣಾಲಯ ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿದೆ. 1972ರ ಜೂನ್ 7ರಂದು ಗುರುವಿನ ಉಪಗ್ರಹ ಗ್ಯಾನಿಮೀಡ್ ಒಂದು ನಕ್ಷತ್ರವನ್ನು ಮರೆಮಾಡಿದಾಗ ಅಲ್ಲಿನ 1 ಮೀಟರ್ ದೂರದರ್ಶಕದಿಂದಲೂ ಇಂಡೋನೇಷ್ಯಾದ ಲೆಂಬಾಂಗಿನಿಂದಲೂ ವೀಕ್ಷಣೆ ನಡೆಯಿತು. ನಕ್ಷತ್ರದ ಬೆಳಕು ಕುಂದಿದ ಬಗೆಯನ್ನು ಆಧರಿಸಿ ಗ್ಯಾನಿಮೀಡಿಗೆ ತೆಳುವಾದ ವಾಯುಮಂಡಲವಿರಬಹುದೆಂಬ ತೀರ್ಮಾನ 1973ರಲ್ಲಿ ಪ್ರಕಟವಾಯಿತು. 1979ರ ವಾಯೇಜರ್ ಅಳತೆಗಳು ಅಷ್ಟು ದಟ್ಟವಾದ ವಾಯುಮಂಡಲವಿಲ್ಲವೆಂದು ತೋರಿಸಿದವು. 1990ರ ದಶಕದಲ್ಲಿ ಹಬಲ್ ದೂರದರ್ಶಕ ಅಲ್ಲಿ ಅತಿ ವಿರಳವಾದ ಆಮ್ಲಜನಕವನ್ನು ಗುರುತಿಸಿತು. 5,268 ಕಿ.ಮೀ. ವ್ಯಾಸದ ಗ್ಯಾನಿಮೀಡ್ ಬುಧ ಗ್ರಹಕ್ಕಿಂತ ದೊಡ್ಡದು. ಅದರ ಹಿಮದಡಿಯೂ ಕಡಲಿದೆಯೆಂಬುದಕ್ಕೆ 2015ರಲ್ಲಿ ಹಬಲ್ ವೀಕ್ಷಣೆಗಳೇ ಹೆಚ್ಚಿನ ಆಧಾರ ಒದಗಿಸಿದವು.

ಜೀವದ ದೃಷ್ಟಿಯಿಂದ ಹೆಚ್ಚು ಚರ್ಚೆಗೆ ಬಂದಿರುವುದು ಇನ್ನೆರಡು ಉಪಗ್ರಹಗಳು. ಮೊದಲನೆಯದು 1610ರಲ್ಲಿ ಗೆಲಿಲಿಯೋ ಕಂಡ ಯೂರೋಪಾ. ಅದರ ವ್ಯಾಸ ಸುಮಾರು 3,120 ಕಿ.ಮೀ.; ನಮ್ಮ ಚಂದ್ರನಿಗಿಂತ ತುಸು ಚಿಕ್ಕದು. ಗೆಲಿಲಿಯೋ ಹೆಸರಿನದೇ ನೌಕೆ 1990ರ ದಶಕದ ಕೊನೆಯಲ್ಲಿ ನಡೆಸಿದ ಕಾಂತಕ್ಷೇತ್ರದ ಅಳತೆಗಳು, ಮೇಲ್ಮೈಯ ಕೆಳಗೆ ವಿದ್ಯುತ್ತನ್ನು ಸಾಗಿಸಬಲ್ಲ ಉಪ್ಪುನೀರಿನಂತಹ ಪದರವಿದೆಯೆಂದು ಸೂಚಿಸಿದವು. ಹಿಮದ ಚಿಪ್ಪು 15ರಿಂದ 25 ಕಿ.ಮೀ., ಕಡಲಿನ ಆಳ 60ರಿಂದ 150 ಕಿ.ಮೀ. ಇರಬಹುದೆಂದೂ ಅಲ್ಲಿನ ನೀರು ಭೂಮಿಯ ಎಲ್ಲ ಸಾಗರಗಳ ಎರಡರಷ್ಟಾಗಬಹುದೆಂದೂ ಅಂದಾಜಿಸಲಾಗಿದೆ.

ಎರಡನೆಯದು 1789ರಲ್ಲಿ ವಿಲಿಯಂ ಹರ್ಷೆಲ್ ಕಂಡ ಶನಿಯ ಉಪಗ್ರಹ ಎನ್ಸೆಲಡಸ್. ಅದರ ವ್ಯಾಸ ಕೇವಲ 504 ಕಿ.ಮೀ.; ಬೆಂಗಳೂರಿನಿಂದ ಬೀದರಿನ ನೇರ ದೂರಕ್ಕಿಂತಲೂ ಕಡಿಮೆ. ಕ್ಯಾಸಿನಿ ನೌಕೆ 2005ರಲ್ಲಿ ಅದರ ದಕ್ಷಿಣ ಧ್ರುವದ ಬಿರುಕುಗಳಿಂದ ನೀರಾವಿ ಮತ್ತು ಹಿಮಕಣಗಳ ಕಾರಂಜಿ ಚಿಮ್ಮುತ್ತಿರುವುದನ್ನು ಪತ್ತೆಹಚ್ಚಿತು. ಚಿಪ್ಪನ್ನು ಕೊರೆಯದೆಯೇ ಒಳಗಡಲಿನ ನೀರನ್ನು ಪರೀಕ್ಷಿಸುವ ಅವಕಾಶ ಇದರಿಂದ ದೊರೆಯಿತು. ಶನಿಯ ಬಳಿ ಬಿಸಿಲು ಭೂಮಿಯ ನೂರನೆಯ ಒಂದು ಪಾಲಿನಷ್ಟೇ ಇದ್ದು, ಅದೂ ಹಿಮದಲ್ಲಿ ಕೆಲವೇ ಮೀಟರುಗಳಾಚೆ ಇಳಿಯದು.

6. ಶಕ್ತಿಯ ನಾಲ್ಕು ಸಂಭಾವ್ಯ ಮೂಲಗಳು

ಒಂದು: ಉಬ್ಬರದ ಕಾವು. ಯೂರೋಪಾ ಸುಮಾರು 85 ಗಂಟೆಗಳಿಗೊಮ್ಮೆ ಗುರುವನ್ನು ಸುತ್ತುತ್ತದೆ. ನೆರೆಯ ಅಯೋ ನಾಲ್ಕು ಸುತ್ತು ಮುಗಿಸುವಷ್ಟರಲ್ಲಿ ಯೂರೋಪಾ ಎರಡು, ಗ್ಯಾನಿಮೀಡ್ ಒಂದು ಸುತ್ತು ಮುಗಿಸುತ್ತವೆ. ಈ ತಾಳದ ಎಳೆತದಿಂದಾಗಿ ಯೂರೋಪಾದ ಕಕ್ಷೆ ಪೂರ್ಣ ವೃತ್ತವಾಗದೆ ಉಳಿದಿದೆ. ಗುರುವಿನ ಸೆಳೆತ ಏರಿಳಿಯುತ್ತಾ ಅದರ ಒಡಲನ್ನು ಹಿಟ್ಟಿನ ಮುದ್ದೆಯಂತೆ ನಾದುತ್ತದೆ. ಆ ತಿಕ್ಕಾಟವೇ ಕಾವಾಗುತ್ತದೆ. ಅಯೋದಲ್ಲಿ ಜ್ವಾಲಾಮುಖಿಗಳಿರುವುದನ್ನು 1979ರಲ್ಲಿ ವಾಯೇಜರ್-1 ತೋರಿಸಿದಾಗ ಈ ತತ್ತ್ವಕ್ಕೆ ಪುಷ್ಟಿ ದೊರೆಯಿತು. ಆದರೆ ಕಾವು ನೀರನ್ನು ನೀರಾಗಿ ಉಳಿಸುತ್ತದೆ, ಬಂಡೆಯ ಬಿರುಕಿನಲ್ಲಿ ಅದನ್ನು ಹರಿದಾಡಿಸುತ್ತದೆ, ತಾನೇ ಆಹಾರವಾಗದು. ಒಲೆ ಉರಿಯುತ್ತಿದೆಯೆಂಬ ಮಾತ್ರಕ್ಕೆ ಮಡಕೆಯಲ್ಲಿ ಅಕ್ಕಿ ಇದೆಯೆಂದಲ್ಲ.

ಎರಡು: ಬಂಡೆ ಮತ್ತು ನೀರಿನ ಕೂಟ. ಕಬ್ಬಿಣ, ಮೆಗ್ನೀಸಿಯಂ ಹೆಚ್ಚಿರುವ ಕೆಲವು ಬಂಡೆಗಳು ನೀರಿನೊಡನೆ ವರ್ತಿಸಿದಾಗ ಕಬ್ಬಿಣ ನೀರಿನ ಆಮ್ಲಜನಕವನ್ನು ಸೆಳೆದುಕೊಳ್ಳುತ್ತದೆ, ಜಲಜನಕ ಬಿಡುಗಡೆಯಾಗುತ್ತದೆ. ಬಂಡೆ ಸರ್ಪೆಂಟೈನ್ ಎಂಬ ಹಸುರು ಶಿಲೆಯಾಗಿ ಮಾರ್ಪಡುತ್ತದೆ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಶಿಲಾವಲಯದಲ್ಲಿ ಇಂತಹ ಶಿಲೆಗಳಿವೆ. ಸ್ಲೇಟಿನ ಮೇಲೆ ಮಕ್ಕಳು ಬರೆಯುತ್ತಿದ್ದ ಬಳಪದ ಕಲ್ಲೂ ಬಹುಮಟ್ಟಿಗೆ ಮೆಗ್ನೀಸಿಯಂಭರಿತ ಶಿಲೆಗಳು ಬಿಸಿನೀರಿನ ಸಂಪರ್ಕದಲ್ಲಿ ಮಾರ್ಪಟ್ಟು ಆದದ್ದು. ಕೋಟ್ಯಂತರ ವರ್ಷಗಳ ಹಿಂದೆ ಕಲ್ಲು ನೀರು ಕುಡಿದ ಗುರುತು ಅದರ ಮೆದುತನದಲ್ಲಿದೆ. ಅಟ್ಲಾಂಟಿಕ್ ಸಾಗರತಳದಲ್ಲಿ 2000ದಲ್ಲಿ ಕಂಡುಬಂದ 'ಲಾಸ್ಟ್ ಸಿಟಿ' ಎಂಬ ಬಿಸಿನೀರ ಬುಗ್ಗೆಗಳಲ್ಲಿ ಈ ಕ್ರಿಯೆ ಇಂದಿಗೂ ನಡೆದಿದ್ದು, ಹುಟ್ಟಿದ ಜಲಜನಕವನ್ನು ಸೂಕ್ಷ್ಮಜೀವಿಗಳು ಬಳಸುತ್ತವೆ. ಇದಕ್ಕೂ ಮೊದಲು 1977ರಲ್ಲಿ ಗಲಾಪಗಾಸ್ ಬಳಿ ಸುಮಾರು 2,500 ಮೀಟರ್ ಆಳದಲ್ಲಿ ಬಿಸಿನೀರ ಬುಗ್ಗೆಗಳ ಸುತ್ತ ದಟ್ಟವಾದ ಜೀವಸಮುದಾಯ ಕಂಡುಬಂದಿತ್ತು. ಅದೇ ವರ್ಷ ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್, ಮೀಥೇನ್ ಮಾಡುವ ಜೀವಿಗಳು ಬ್ಯಾಕ್ಟೀರಿಯಗಳಿಂದ ಬೇರೆಯೇ ಆದ ಪ್ರಾಚೀನ ಕುಲಕ್ಕೆ ಸೇರಿದವು ಎಂದು ನಿರೂಪಿಸಿದರು. ನಮ್ಮ ಕೆರೆಗಳ ತಳದ ನಿವಾಸಿಗಳಿಗೆ ಜೀವವೃಕ್ಷದಲ್ಲಿ ತಮ್ಮದೇ ಕೊಂಬೆ ದೊರೆತದ್ದು ಆಗಲೇ.

ಮೂರು: ಬಂಡೆಯೊಳಗಿನ ವಿಕಿರಣ. ಗ್ರಾನೈಟ್ ಮೊದಲಾದ ಶಿಲೆಗಳಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣಶೀಲ ಅಂಶಗಳು ಅತ್ಯಲ್ಪವಾಗಿ ಇರುತ್ತವೆ. ಅವುಗಳ ವಿಕಿರಣ ಬಿರುಕಿನ ನೀರನ್ನು ಒಡೆದು ಜಲಜನಕವನ್ನು ಬಿಡಿಸುತ್ತದೆ. ಜೊತೆಗೆ ಹುಟ್ಟುವ ಉತ್ಕರ್ಷಕಗಳು ಶಿಲೆಯಲ್ಲಿನ ಗಂಧಕವನ್ನು ಸಲ್ಫೇಟ್ ಆಗಿಸುತ್ತವೆ. ಕೊಡುವ ವಸ್ತು, ಕೊಳ್ಳುವ ವಸ್ತು ಎರಡೂ ಒಂದೇ ಕಲ್ಲಿನಿಂದ ಒದಗುತ್ತವೆ. ದಕ್ಷಿಣ ಆಫ್ರಿಕದ ಎಂಪೊನೆಂಗ್ ಚಿನ್ನದ ಗಣಿಯಲ್ಲಿ 2.8 ಕಿ.ಮೀ. ಆಳದ ನೀರಿನಲ್ಲಿ ಇದನ್ನೇ ನಂಬಿ ಬದುಕುವ ಒಂದು ಬ್ಯಾಕ್ಟೀರಿಯ ಕಂಡುಬಂದಿತು. ಅಲ್ಲಿನ ಜೀವಸಮುದಾಯವೆಂದರೆ ಬಹುತೇಕ ಆ ಒಂದೇ ಪ್ರಭೇದ ಎಂದು 2008ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಅಷ್ಟೇ ಆಳದ ಗಣಿ ನಮ್ಮಲ್ಲೂ ಇತ್ತು. ವೈಟ್‌ಫೀಲ್ಡ್ ಮೂಲಕ ಸಾಗುವ ರೈಲುಹಾದಿ ಬಂಗಾರಪೇಟೆಯಲ್ಲಿ ಕವಲೊಡೆದು ತಲುಪುವ ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ ಸುಮಾರು 3.2 ಕಿ.ಮೀ. ಆಳಕ್ಕೆ ಇಳಿದಿತ್ತು. 1965ರಲ್ಲಿ ಆ ಗಣಿಯ ಆಳದಲ್ಲಿ ವಾಯುಮಂಡಲದ ನ್ಯೂಟ್ರಿನೋಗಳ ಗುರುತು ಹಿಡಿಯಲಾಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಳದ ಸುರಂಗಗಳಲ್ಲಿ ಈಗ ನೀರು ತುಂಬಿದೆ.

ನಾಲ್ಕು: ಮೇಲಿನಿಂದ ಇಳಿಯುವ ಉತ್ಕರ್ಷಕಗಳು. ಗುರುವಿನ ಕಾಂತಕ್ಷೇತ್ರದಲ್ಲಿ ಸಿಕ್ಕ ವಿದ್ಯುತ್ಕಣಗಳು ಯೂರೋಪಾದ ಹಿಮಕ್ಕೆ ಎಡೆಬಿಡದೆ ಬಡಿದು ಅದನ್ನು ಒಡೆಯುತ್ತವೆ. ಹಗುರವಾದ ಜಲಜನಕ ಪಾರಾಗುತ್ತದೆ. ಆಮ್ಲಜನಕ, ಹೈಡ್ರೋಜನ್ ಪೆರಾಕ್ಸೈಡ್ ಮೊದಲಾದವು ಹಿಮದಲ್ಲಿ ಉಳಿಯುತ್ತವೆ. ಇವು ಹಿಮದ ಚಲನೆಯೊಡನೆ ಕಡಲಿಗಿಳಿದರೆ ಅಲ್ಲಿ ಪ್ರಬಲವಾದ ಕೊಳ್ಳುವ ವಸ್ತು ಒದಗಿದಂತಾಗುತ್ತದೆ. ಜೂನೋ ನೌಕೆಯ 2022ರ ಸಮೀಪ ಹಾರಾಟದ ಅಳತೆಗಳನ್ನು ಆಧರಿಸಿ 2024ರಲ್ಲಿ ಪ್ರಕಟವಾದ ಅಧ್ಯಯನ, ಹೀಗೆ ಉತ್ಪತ್ತಿಯಾಗುವ ಆಮ್ಲಜನಕ ಸೆಕೆಂಡಿಗೆ ಸುಮಾರು 12 ಕಿಲೋಗ್ರಾಂ ಎಂದು ಲೆಕ್ಕಹಾಕಿತು. ಇದು ಹಿಂದಿನ ಕೆಲವು ಅಂದಾಜುಗಳಿಗಿಂತ ಬಹಳ ಕಡಿಮೆ. ಅದರಲ್ಲಿ ಎಷ್ಟು ಪಾಲು ಕಡಲನ್ನು ತಲುಪುತ್ತದೆ ಎಂಬುದು ಹಿಮದ ಚಿಪ್ಪು ಎಷ್ಟು ಚಲನಶೀಲವಾಗಿದೆ ಎಂಬುದನ್ನು ಅವಲಂಬಿಸಿದೆ.

ಈ ನಾಲ್ಕರಲ್ಲಿ ನಡುವಿನ ಎರಡು, ನಾಗಮಣಿಯಂತೆ ಕೆಳಗೇ ಹುಟ್ಟುವ ಆಸರೆಗಳು. ಕೊನೆಯದು ಹುತ್ತಕ್ಕೆ ಎರೆದ ಹಾಲಿನಂತೆ ಮೇಲಿನಿಂದ ಇಳಿಯಬೇಕಾದುದು. ಮೊದಲನೆಯದು ಈ ಮೂರನ್ನೂ ಸಾಧ್ಯವಾಗಿಸುವ ಒಲೆ. ಒಂದೇ ಮೂಲ ಸಾಕಾಗದೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕೆಳಗಿನಿಂದ ಜಲಜನಕ ಮಾತ್ರ ಬಂದು ಮೇಲಿನಿಂದ ಏನೂ ಇಳಿಯದಿದ್ದರೆ ಕಡಲು ಕಾಲಕ್ರಮದಲ್ಲಿ ಎರಡೂ ಬದಿ ಸಮಮಟ್ಟಕ್ಕೆ ಬಂದ ಕೆರೆಯಾಗುತ್ತದೆ.

7. ಮುಟ್ಟದ ಎಡೆ

ಎನ್ಸೆಲಡಸ್‌ನ ಕಾರಂಜಿಯೊಳಗೆ 2015ರ ಅಕ್ಟೋಬರ್ 28ರಂದು ಕ್ಯಾಸಿನಿ ಸುಮಾರು 49 ಕಿ.ಮೀ. ಎತ್ತರದಲ್ಲಿ ಹಾದುಹೋಯಿತು. ಆ ಹಾರಾಟದ ಅಳತೆಗಳು 2017ರಲ್ಲಿ ಪ್ರಕಟವಾದಾಗ ಕಾರಂಜಿಯಲ್ಲಿ ಶೇಕಡ 0.4ರಿಂದ 1.4ರಷ್ಟು ಜಲಜನಕವಿರುವುದು ತಿಳಿದುಬಂದಿತು. ಇಂಗಾಲದ ಡೈಆಕ್ಸೈಡ್ ಮತ್ತು ಮೀಥೇನ್‌ಗಳೂ ಇದ್ದವು. ಸಿಲಿಕಾದ ಅತಿ ಸೂಕ್ಷ್ಮ ಕಣಗಳನ್ನು ಆಧರಿಸಿ ಕಡಲತಳದಲ್ಲಿ 90 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕ ಬಿಸಿನೀರಿನ ಚಟುವಟಿಕೆಯಿದೆಯೆಂದು 2015ರಲ್ಲೇ ಊಹಿಸಲಾಗಿತ್ತು. 2023ರಲ್ಲಿ ಫಾಸ್ಫೇಟ್ ಇರುವುದೂ ವರದಿಯಾಯಿತು. ಕೆರೆಯ ತಳದ ಜೀವಿಗೆ ಬೇಕಾದ ಅಡುಗೆಯ ಸಾಮಗ್ರಿ ಬಹುಮಟ್ಟಿಗೆ ಅಲ್ಲಿದೆ. ಎನ್ಸೆಲಡಸ್ ಅನ್ನು ಹೋಲುವ ಒತ್ತಡ ಮತ್ತು ಅನಿಲಗಳ ಸ್ಥಿತಿಯಲ್ಲಿ ಮೀಥೇನ್ ಮಾಡುವ ಒಂದು ಭೂಜೀವಿ ಬೆಳೆಯಬಲ್ಲದೆಂದು 2018ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು.

ಇದರ ಅರ್ಥವನ್ನು ಗ್ರಹಿಸಲು ಹಳೆಯ ಮೈಸೂರು ಸೀಮೆಯ ಹಿರಿಯರ ಹಬ್ಬದ ಒಂದು ವಾಡಿಕೆಯನ್ನು ನೆನೆಯಬಹುದು. ತೀರಿಕೊಂಡವರಿಗೆ ಪ್ರಿಯವಾದ ಅಡುಗೆ, ಹೊಸಬಟ್ಟೆ, ಎಲೆಯಡಿಕೆಗಳನ್ನು ಎಡೆಯಿಟ್ಟು, ಬಾಗಿಲನ್ನು ಮುಂದೆ ಮಾಡಿಕೊಂಡು ಮನೆಯವರು ಹೊರಗೆ ಕೆಲಹೊತ್ತು ಕಾಯುವುದು ಹಲವೆಡೆ ರೂಢಿಯಲ್ಲಿದೆ. ಬಾಗಿಲು ತೆರೆದಾಗ ಎಡೆ ಹಾಗೆಯೇ ಇದ್ದರೆ ಅದಕ್ಕೆ ಎರಡು ಅರ್ಥಗಳು ಸಾಧ್ಯ. ಬರುವವರಿಗೆ ಊಟ ಸಿದ್ಧವಾಗಿದೆ ಎಂದು ಹೇಳಬಹುದು. ಯಾರೂ ಬಂದಿಲ್ಲ ಎಂದೂ ಹೇಳಬಹುದು. ಶ್ರದ್ಧೆಯುಳ್ಳವರು ಮೊದಲನೆಯದನ್ನೇ ಹಿಡಿಯುತ್ತಾರೆ.

ಎನ್ಸೆಲಡಸ್‌ನ ಜಲಜನಕವೂ ಇಂತಹ ಎಡೆ. ಅದು ಉಳಿದಿರುವುದರಿಂದ ಅಲ್ಲಿ ಜೀವಕ್ಕೆ ಆಹಾರವಿದೆ ಎನ್ನಬಹುದು. ಉಣ್ಣುವವರು ಹೇರಳವಾಗಿದ್ದರೆ ಅದು ಉಳಿಯುತ್ತಿರಲಿಲ್ಲವಲ್ಲ ಎಂದೂ ವಾದಿಸಬಹುದು. ನಮ್ಮ ಕೆರೆಯ ಹೂಳಿನಲ್ಲಿ ಜಲಜನಕ ಹುಟ್ಟಿದ ಕೂಡಲೇ ಕಬಳಿಕೆಯಾಗುವುದರಿಂದ ಅಲ್ಲಿ ಅದು ಅಳತೆಗೆ ಸಿಗುವುದೇ ಅತ್ಯಲ್ಪ. ಹಸಿದವರ ಮನೆಯಲ್ಲಿ ಅನ್ನ ಉಳಿಯುವುದಿಲ್ಲ. ಮೂರನೆಯ ಸಾಧ್ಯತೆಯೂ ಇದೆ: ಉಣ್ಣುವವರಿದ್ದಾರೆ, ಆದರೆ ಶೀತ, ಲವಣ, ಪೋಷಕಾಂಶದ ಕೊರತೆ ಮೊದಲಾದ ಕಾರಣಗಳಿಂದ ಅವರು ಅಲ್ಪಸಂಖ್ಯಾತರು. ಅಂಟಾರ್ಕ್ಟಿಕದ ವಿಲನ್ಸ್ ಸರೋವರದಲ್ಲಿ 2013ರಲ್ಲಿ ಸುಮಾರು 800 ಮೀಟರ್ ಹಿಮವನ್ನು ಕೊರೆದು ತೆಗೆದ ನೀರಿನಲ್ಲಿ ಮಿಲಿಲೀಟರಿಗೆ ಒಂದು ಲಕ್ಷಕ್ಕೂ ಮಿಕ್ಕಿ ಜೀವಕೋಶಗಳಿದ್ದವು. ಕತ್ತಲೆ ಮತ್ತು ಶೀತ ತಾವಾಗಿ ಜೀವಕ್ಕೆ ಅಡ್ಡಿಯಲ್ಲವೆಂಬುದು ಅದರಿಂದ ಸ್ಪಷ್ಟ. ಆದರೆ ಅಲ್ಲಿಯ ಜೀವಿಗಳು ಭೂಮಿಯ ಸಂತತಿಗಳೇ. ಎನ್ಸೆಲಡಸ್‌ನಲ್ಲಿ ಜೀವ ಮೊದಲು ಹುಟ್ಟಿತೇ ಎಂಬ ಪ್ರಶ್ನೆಗೆ ಅವು ಉತ್ತರ ನೀಡಲಾರವು. ಶಕ್ತಿಯಿದೆ ಎಂಬುದು ಜೀವ ಉಳಿಯಬಲ್ಲದೆಂಬುದಕ್ಕೆ ಆಧಾರ, ಜೀವವಿದೆಯೆಂಬುದಕ್ಕಲ್ಲ.

ಮುಂದಿನ ಅಳತೆಗಳ ಹೊಣೆ ಎರಡು ನೌಕೆಗಳ ಮೇಲಿದೆ. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಜ್ಯೂಸ್ ನೌಕೆಯನ್ನು 2023ರ ಏಪ್ರಿಲ್ 14ರಂದು ಉಡಾಯಿಸಲಾಗಿದ್ದು, 2031ರಲ್ಲಿ ಅದು ಗುರುವನ್ನು ತಲುಪಿ ಆ ಬಳಿಕ ಗ್ಯಾನಿಮೀಡ್ ಸುತ್ತಲಿನ ಕಕ್ಷೆಗೆ ಸೇರಬೇಕಾಗಿದೆ. ನಾಸಾದ ಯೂರೋಪಾ ಕ್ಲಿಪ್ಪರ್ 2024ರ ಅಕ್ಟೋಬರ್ 14ರಂದು ಹೊರಟಿದ್ದು 2030ರಲ್ಲಿ ಗುರುವನ್ನು ತಲುಪಿ ಯೂರೋಪಾದ ಸಮೀಪ ಸುಮಾರು 50 ಬಾರಿ ಹಾದುಹೋಗುವ ಯೋಜನೆಯಿದೆ. ಇವೆರಡೂ ನೇರವಾಗಿ ಜೀವವನ್ನು ಹುಡುಕುವ ನೌಕೆಗಳಲ್ಲ. ಹಿಮದ ದಪ್ಪ, ಕಡಲಿನ ಲವಣ, ಮೇಲ್ಮೈಯ ರಾಸಾಯನಿಕ ಸ್ವರೂಪ ಇವುಗಳನ್ನು ಅರಿತು ಬದುಕಿಗೆ ಅನುಕೂಲವಿದೆಯೇ ಎಂದು ನೋಡುವುದಷ್ಟೇ ಅವುಗಳ ಗುರಿ.

8. ಉಪಸಂಹಾರ

ಬೆಳಕಿಲ್ಲದ ನೀರಿನ ಜೀವಕ್ಕೆ ಬೇಕಾದುದು ಕಾವಷ್ಟೇ ಅಲ್ಲ, ಸದಾ ನವೀಕರಣಗೊಳ್ಳುವ ಒಂದು ಮಟ್ಟದ ಅಂತರ. ಅದನ್ನು ಬಂಡೆ ಒದಗಿಸಬಹುದು, ವಿಕಿರಣ ಒದಗಿಸಬಹುದು, ಮೇಲಿನ ಹಿಮ ಒದಗಿಸಬಹುದು. ಎನ್ಸೆಲಡಸ್‌ನಲ್ಲಿ ಅಂತಹ ಅಂತರವಿರುವುದು ಅಳತೆಯಿಂದ ತಿಳಿದಿದೆ. ಯೂರೋಪಾದಲ್ಲಿ ಅದು ಇನ್ನೂ ಊಹೆಯ ಹಂತದಲ್ಲಿದೆ. ಇಷ್ಟನ್ನು ಮೀರಿ ಹೇಳಲು ಇಂದು ಆಧಾರವಿಲ್ಲ.

ಜಾನಪದ ಅಧ್ಯಯನಕ್ಕೆ ಇದರಿಂದ ಒದಗುವ ಕರ್ತವ್ಯ ಬೇರೊಂದು. ಬೆಂಗಳೂರಿನ ಹೊರವಲಯದಲ್ಲಿ ಕೆರೆಗಳೊಡನೆ ಬದುಕಿದ ನೀರಗಂಟಿಗಳು, ಮಣ್ಣೊಡ್ಡರು, ಮೀನುಗಾರರು, ಗೋಡು ಹೊತ್ತ ರೈತರು ಕೆಸರಿನ ಬಣ್ಣ, ನಾತ, ಗುಳ್ಳೆ, ಕಾವುಗಳನ್ನು ಗುರುತಿಸಲು ಬಳಸುತ್ತಿದ್ದ ಮಾತುಗಳಿವೆ. ಗಂಗಮ್ಮನ ಪೂಜೆಯ ಹಾಡುಗಳನ್ನು, ಕೆರೆಗೆ ಬಲಿಯಾದ ಹೆಣ್ಣುಮಕ್ಕಳ ಕಥನಗಳನ್ನು ನಮ್ಮ ವಿದ್ವಾಂಸರು ಶ್ರದ್ಧೆಯಿಂದ ಸಂಗ್ರಹಿಸಿದ್ದಾರೆ. ಹೂಳನ್ನು ಕುರಿತ ಈ ಕಸುಬಿನ ಪದಸಂಪತ್ತಿಗೆ ಅಷ್ಟು ಗಮನ ಸಂದಿಲ್ಲ. ದೇವತೆ ಕಂಡಲ್ಲಿ ಜಾನಪದವನ್ನು ಕಂಡ ನಾವು ಕೆಸರಿನಲ್ಲಿ ಅದನ್ನು ಅಷ್ಟಾಗಿ ಅರಸಲಿಲ್ಲ. ಕೆರೆಯಂಗಳಗಳು ಬಡಾವಣೆಗಳಾಗಿ, ಉಳಿದವುಗಳ ಹೂಳನ್ನು ಯಂತ್ರಗಳು ಎತ್ತುತ್ತಿರುವ ಈ ಕಾಲದಲ್ಲಿ ಆ ಮಾತುಗಳನ್ನು ಬಲ್ಲವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ.

ಸೂಕ್ಷ್ಮಜೀವಿಶಾಸ್ತ್ರ, ಭೂವಿಜ್ಞಾನ ಮತ್ತು ಜಾನಪದಗಳ ವಿದ್ಯಾರ್ಥಿಗಳು ಒಟ್ಟಿಗೆ ಕುಳಿತು ಒಂದೊಂದು ಕೆರೆಯ ಹೂಳಿನ ಪದರಗಳನ್ನೂ ಆ ಪದರಗಳಿಗೆ ಊರಿನವರಿಟ್ಟ ಹೆಸರುಗಳನ್ನೂ ಜೊತೆಯಾಗಿ ದಾಖಲಿಸುವ ಕಾರ್ಯವನ್ನು ವಿಶ್ವವಿದ್ಯಾನಿಲಯಗಳು ಮತ್ತು ಅಕಾಡೆಮಿಗಳು ಕೈಗೆತ್ತಿಕೊಳ್ಳಬೇಕು. ವರ್ತೂರು, ಬೆಳ್ಳಂದೂರು, ಹೊಸಕೋಟೆ ಸೀಮೆಗಳಿಂದ ಇದನ್ನು ಆರಂಭಿಸುವುದು ಉಚಿತ. ಅಲ್ಲಿ ಹೇಳುವವರು ಇನ್ನೂ ಇದ್ದಾರೆ.